ಜರ್ಮನಿಗೆ ಹೊರಟ ವೀಗನ್: ಎಷ್ಟು ಹಿಡಿಯುವುದು, ಎಲ್ಲಿ ಸಡಿಲ ಬಿಡುವುದು?

ಮುಳ್ಳೇರಿಯ ಮಾಣಿ (ಪ್ರಶ್ನೆ)

ಎರಡು ವರ್ಷದ ಓದಿಗೆ ಜರ್ಮನಿಗೆ ಹೋಗಲಿಕ್ಕುಂಟು. ಅಕ್ಟೋಬರ್ 1ಕ್ಕೆ ಸೆಮಿಸ್ಟರ್ ಶುರು, ಸೆಪ್ಟೆಂಬರ್ ಕೊನೆಯ ವಾರ ವಿಮಾನ. ಹಾಸ್ಟೆಲಿನಲ್ಲಿ ಆರು ಜನಕ್ಕೆ ಒಂದೇ ಅಡಿಗೆಮನೆ, ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅರೆ. ಊಟ ವೀಗನ್, ಅಂದರೆ ಹಾಲು, ಮೊಸರು, ತುಪ್ಪ, ಜೇನು ಯಾವುದೂ ಇಲ್ಲ. ಊರಲ್ಲಿ ಇದು ದೊಡ್ಡ ಸಂಗತಿಯೇ ಅಲ್ಲ. ಕಾಯಿ, ತೆಂಗಿನೆಣ್ಣೆ, ಬೆಲ್ಲ ಇದ್ದ ಮೇಲೆ ಮಜ್ಜಿಗೆ ಒಂದನ್ನು ಬಿಟ್ಟರೆ ಉಳಿದ ಅಡಿಗೆ ಹೇಗಿತ್ತೋ ಹಾಗೆಯೇ ನಡೀತದೆ.

ಅಲ್ಲಿಯದ್ದು ತಿಳಿದವರು ಹೇಳಿ. ಪೊಟ್ಟಣದ ಮೇಲೆ ಎಂತ ನೋಡಬೇಕು? ಇಲ್ಲಿಂದ ಎಂತ ಕಟ್ಟಬೇಕು, ಎಂತ ಬಿಡಬೇಕು? ಬಿ12 ಮಾತ್ರೆ ಎಷ್ಟು? ಮತ್ತೆ ಮುಖ್ಯವಾದದ್ದು: ಸಡಿಲ ಮಾಡಲೇಬೇಕಾಗಿ ಬಂದರೆ ಯಾವುದನ್ನು ಮೊದಲು ಮಾಡುವುದು? "ಚಳಿದೇಶ, ಹಾಲಾದರೂ ಕುಡಿ" ಅಂತ ಮನೆಯಲ್ಲಿ ಎಲ್ಲರದ್ದೂ ಒಂದೇ ರಾಗ. ಧೈರ್ಯ ಹೇಳುವುದು ಬೇಡ, ಲೆಕ್ಕ ಹೇಳಿ.

ಪೈವಳಿಕೆ ಭಾವ

ಲೇಬಲಿನಿಂದ ಶುರು ಮಾಡುವ. ಹಸುರು ಚುಕ್ಕೆ ನೋಡುವ ಅಭ್ಯಾಸವನ್ನು ವಿಮಾನ ಹತ್ತುವ ಮೊದಲೇ ಬಿಡು. ನಮ್ಮಲ್ಲಿ ಹಸುರು ಚುಕ್ಕೆ ಅಂದರೆ ಮೊಟ್ಟೆ, ಮಾಂಸ ಇಲ್ಲ, ಹಾಲು ಇರಬಹುದು. ಅಲ್ಲಿ "ವೆಗೆಟಾರಿಶ್" ಅಂದರೆ ಹಾಲೂ ಇರಬಹುದು, ಮೊಟ್ಟೆಯೂ ಇರಬಹುದು. ಹಳದಿ ವೃತ್ತದೊಳಗೆ ವಿ ಅಕ್ಷರಕ್ಕೆ ಎಲೆ ಚಿಗುರಿದ ಹಾಗೆ ಒಂದು ಗುರುತು ಕಾಣ್ತದೆ. ಅದು ಎರಡು ಬಗೆ: ಒಂದರಲ್ಲಿ "ವೇಗಾನ್", ಇನ್ನೊಂದರಲ್ಲಿ "ವೆಗೆಟಾರಿಶ್". ದೂರದಿಂದ ಎರಡೂ ಒಂದೇ. ಅಕ್ಷರ ಓದದೆ ಬುಟ್ಟಿಗೆ ಹಾಕಬೇಡ.

ಗುರುತಿಲ್ಲದ ಪೊಟ್ಟಣಕ್ಕೆ ಪಟ್ಟಿಯೇ ಗತಿ. ಯುರೋಪಿನ 1169/2011 ನಿಯಮದಂತೆ 14 ಬಗೆಯ ಅಲರ್ಜಿ ಪದಾರ್ಥಗಳನ್ನು ಪಟ್ಟಿಯೊಳಗೇ ಎದ್ದು ಕಾಣುವ ಹಾಗೆ ಅಚ್ಚು ಹಾಕಬೇಕು, ಸಾಮಾನ್ಯವಾಗಿ ದಪ್ಪಕ್ಷರದಲ್ಲಿ. ಹಾಲು, ಮೊಟ್ಟೆ, ಮೀನು, ಸಿಗಡಿ, ಮರುವಾಯಿ (ಚಿಪ್ಪಿನೊಳಗಿನ ಮೀನು) ಎಲ್ಲ ಅದರಲ್ಲಿ ಬರ್ತವೆ. ಹಾಗಾಗಿ ಹಾಲು, ಮೊಟ್ಟೆ ಹತ್ತು ಸೆಕೆಂಡಿನಲ್ಲಿ ಸಿಕ್ಕಿಬೀಳ್ತವೆ. ಹೊಸಬರು ಬೀಳುವ ಗುಂಡಿಯೂ ಇಲ್ಲೇ ಉಂಟು. ದಪ್ಪಕ್ಷರ ಕಾಣಲಿಲ್ಲ ಅಂದ ಕೂಡಲೇ ಸರಿ ಅಂತ ತಿಳಿಯುವುದು. ಹಂದಿಕೊಬ್ಬು, ಜೆಲಾಟಿನ್ (ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಅಂಟು), ಜೇನು, ಕಾರ್ಮಿನ್ (ಕೀಟದ ಕೆಂಪು ಬಣ್ಣ) ಆ ಹದಿನಾಲ್ಕರಲ್ಲಿ ಇಲ್ಲವೇ ಇಲ್ಲ. ಅವು ಸಾದಾ ಅಕ್ಷರದಲ್ಲಿ ನಡುವೆ ಸುಮ್ಮನೆ ಕೂತಿರ್ತವೆ. ಆದ್ದರಿಂದ ಎರಡು ಸಲ ಓದು: ಮೊದಲು ದಪ್ಪಕ್ಷರ, ಆಮೇಲೆ ಉಳಿದದ್ದು.

ಬಾಯಿಪಾಠ ಮಾಡಬೇಕಾದ ಶಬ್ದ ಹೆಚ್ಚಿಲ್ಲ. ಉಚ್ಚಾರ ಬರೀತೇನೆ, ಸ್ಪೆಲ್ಲಿಂಗ್ ಹುಡುಕಿ ಫೋನಿನಲ್ಲಿ ಇಟ್ಟುಕೋ. ಮಿಲ್ಶ್ ಹಾಲು. ಮಾಗರ್‌ಮಿಲ್ಶ್‌ಪುಲ್ಫರ್ ಕೆನೆ ತೆಗೆದ ಹಾಲಿನ ಪುಡಿ. ಮೋಲ್ಕೆ ಅಂದರೆ ಪನೀರು ಒಡೆಸಿದ ಮೇಲೆ ಉಳಿಯುವ ನೀರು. ಬುಟರ್‌ರೈನ್‌ಫೆಟ್ ಹೆಚ್ಚುಕಡಿಮೆ ನಮ್ಮ ತುಪ್ಪವೇ. ಝಾನೆ ಕೆನೆ, ಐ ಮೊಟ್ಟೆ, ಹೋನಿಶ್ ಜೇನು. ಶ್ಮಾಲ್ತ್ಸ್ ಕರಗಿಸಿದ ಹಂದಿಕೊಬ್ಬು, ಶ್ಪೆಕ್ ಹಂದಿಯದೇ ಉಪ್ಪು ಹಾಕಿದ ತುಂಡು. ಇ ಅಂತ ಶುರುವಾಗುವ ಅಂಕಿ ಸೇರಿಸಿದ ಪದಾರ್ಥದ ಸಂಕೇತ: ಇ 120 ಆ ಕಾರ್ಮಿನ್, ಇ 901 ಜೇನುಮೇಣ, ಇ 904 ಅರಗು. ಇ 471 ಎಣ್ಣೆ ನೀರು ಬೆರೆಯಲಿಕ್ಕೆ ಹಾಕುವ ಕೊಬ್ಬಿನ ಅಂಶ, ಸಸ್ಯದ್ದೂ ಆಗಬಹುದು, ಪ್ರಾಣಿಯದ್ದೂ ಆಗಬಹುದು. ಪೊಟ್ಟಣ ನೋಡಿ ಹೇಳಲಿಕ್ಕೆ ಬರುವುದಿಲ್ಲ.

ಕೆಲವು ಹೆಸರಿಗೆ ಸುಮ್ಮನೆ ಹೆದರಬೇಕಾಗಿಲ್ಲ. ಮಿಲ್ಶ್‌ರೈಸ್ ಅಂತ ಬರೆದ ಚೀಲದಲ್ಲಿ ಇರುವುದು ಬರೀ ಉರುಟು ಅಕ್ಕಿ, ಪಾಯಸಕ್ಕೆ ಬಳಸುವಂಥದ್ದು. (ಅದನ್ನೇ ಹಾಲು ಹಾಕಿ ಬೇಯಿಸಿ ಕಪ್ಪಿನಲ್ಲಿ ಮಾರುವುದೂ ಉಂಟು, ಅದು ಬೇರೆ.) ಮಿಲ್ಶ್‌ಝೊಯ್ರೆ, ಇ 270, ಹುಳಿಗೆ ಹಾಕುವ ಆಮ್ಲ; ಸಕ್ಕರೆ ಹುದುಗಿಸಿ ತೆಗೆಯುವುದು. ಫ್ಲೈಶ್‌ಟೊಮಾಟೆ ಅಂದರೆ ಅಕ್ಷರಶಃ ಮಾಂಸದ ಟೊಮೆಟೊ, ವಸ್ತು ನೋಡಿದರೆ ದಪ್ಪ ಟೊಮೆಟೊ ಅಷ್ಟೆ. ತಿರುಗಿಸಿ ಹೇಳಿದರೆ, ಲಾಕ್ಟೋಸ್ ಇಲ್ಲ ಅಂತ ಬರೆದದ್ದು ಹಾಲೇ. ಅದರ ಸಕ್ಕರೆ ಮಾತ್ರ ಒಡೆದಿರ್ತದೆ.

ಓಟ್ಸ್ ಹಾಲಿನ ಪೊಟ್ಟಣದಲ್ಲಿ "ಹಾಲು" ಅಂತ ಹುಡುಕಿದರೆ ಸಿಗುವುದಿಲ್ಲ. ಗಿಡದಿಂದ ತೆಗೆದದ್ದಕ್ಕೆ ಹಾಲು, ಬೆಣ್ಣೆ, ಚೀಸ್ ಅಂತ ಹೆಸರಿಡಬಾರದು ಅಂತ 2017ರ ಜೂನಿನಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿದೆ. ಹಾಗಾಗಿ ಹಾಫರ್‌ಡ್ರಿಂಕ್, ಸೋಯಾಡ್ರಿಂಕ್. ತೆಂಗಿನಹಾಲಿಗೆ ಮಾತ್ರ ವಿನಾಯಿತಿ. ನಮ್ಮ ಕಡೆಯವರು ಅಷ್ಟಕ್ಕಾದರೂ ಸಂತೋಷಪಡಬಹುದು.

ಅನುಮಾನವೇ ಬಾರದ ಕಡೆ ಹಾಲು ಇರುವ ಜಾಗಗಳು: ಪಾಪ್ರಿಕಾ ರುಚಿಯ ಆಲೂಗಡ್ಡೆ ಚಿಪ್ಸ್ (ಮಸಾಲೆ ಅಂಟಲಿಕ್ಕೆ ಹಾಲಿನ ಪುಡಿ ಅಥವಾ ಮೋಲ್ಕೆ), ಕಪ್ಪು ಚಾಕಲೇಟು, ಕೆಲವು ಮಾರ್ಗರಿನ್. ಸೇಬಿನ ರಸವನ್ನು ಗಾಜಿನ ಹಾಗೆ ತಿಳಿ ಮಾಡಲಿಕ್ಕೆ ಜೆಲಾಟಿನ್ ಬಳಸುವುದುಂಟು, ಕೊನೆಗೆ ಸೋಸಿ ತೆಗೆಯುವುದರಿಂದ ಪಟ್ಟಿಯಲ್ಲಿ ಬರುವುದಿಲ್ಲ. "ನಾಟೂರ್‌ಟ್ರ್ಯೂಬ್" ಅಂತ ಬರೆದ ಕಲಕಲು ರಸ ತೆಗೆದುಕೊಂಡರೆ ಆ ತಲೆಬಿಸಿ ಇಲ್ಲ.

ಬೇಕರಿಯಲ್ಲಿ ಬಿಡಿಯಾಗಿ ಮಾರುವ ಬ್ರೆಡ್ಡಿಗೆ ಪೂರ್ತಿ ಪಟ್ಟಿ ಇರಬೇಕೆಂದಿಲ್ಲ, ಅಲರ್ಜಿ ಮಾಹಿತಿ ಮಾತ್ರ ಕೇಳಿದರೆ ಕೊಡಬೇಕು. ಆ ಕಡತದಲ್ಲೂ ಹಂದಿಕೊಬ್ಬು ಕಾಣುವುದಿಲ್ಲ, ಕಾರಣ ಮೇಲೆ ಹೇಳಿದ್ದೇ. ಸಾದಾ ಬ್ರೆಡ್ಡು ಹೆಚ್ಚಾಗಿ ಹಿಟ್ಟು, ನೀರು, ಉಪ್ಪು, ಯೀಸ್ಟ್. ದಕ್ಷಿಣ ಜರ್ಮನಿಯ ಬ್ರೆಟ್ಸೆಲ್‌ಗೆ ಕೆಲವು ಕಡೆ ಶ್ಮಾಲ್ತ್ಸ್ ಹಾಕ್ತಾರೆ. ಹೋಟೆಲಿನಲ್ಲಿ ಬೇಳೆ ಸೂಪು, ಹುರಿದ ಆಲೂಗಡ್ಡೆ, ಕೆಂಪು ಕ್ಯಾಬೇಜಿನ ಪಲ್ಯ, ಸೌಅರ್‌ಕ್ರೌಟ್ ಈ ನಾಲ್ಕರಲ್ಲಿ ಶ್ಪೆಕ್ ಅಥವಾ ಶ್ಮಾಲ್ತ್ಸ್ ಇಲ್ಲ ಅಂತ ಕೇಳಿ ಖಚಿತ ಮಾಡು. "ವೆಗೆಟಾರಿಶ್?" ಅಂತ ಕೇಳುವುದಕ್ಕಿಂತ "ಓನೆ ಮಿಲ್ಶ್, ಓನೆ ಐ, ಓನೆ ಶ್ಮಾಲ್ತ್ಸ್?" ಅಂತ ಒಂದೊಂದೇ ಹೆಸರು ಹಿಡಿದು ಕೇಳಿದರೆ ಉತ್ತರ ಸರಿ ಬರ್ತದೆ. ಓನೆ ಅಂದರೆ ಇಲ್ಲದೆ.

ನೀರ್ಚಾಲು ಅಕ್ಕ

ಕಟ್ಟುವ ಸಾಮಾನಿನ ವಿಷಯ. ಮೊದಲು ಬೇಡದ್ದು. ಯುರೋಪಿನ ಹೊರಗಿಂದ ಬರುವ ಪ್ರಯಾಣಿಕರು ಹಾಲಿನ ವಸ್ತು ತರಬಾರದು, ಮಾಂಸವೂ ಬೇಡ. ನಿನಗೆ ಬೇಡ ಸರಿ, ಆದರೆ ಅಲ್ಲಿರುವ ಯಾರಿಗೋ ಕೊಡು ಅಂತ ಅತ್ತೆಯಂದಿರು ತುಪ್ಪದ ಬಾಟ್ಲಿ, ಹಾಲಿನ ಪೇಡೆ ಕಟ್ಟಿ ಕೊಟ್ಟರೆ ಪೆಟ್ಟಿಗೆಗೆ ಹಾಕಿಕೊಳ್ಳಬೇಡ. ಹಸಿ ಕರಿಬೇವಿನ ಸೊಪ್ಪು, ವೀಳ್ಯದೆಲೆ, ಮಾವಿನಕಾಯಿ, ನಿಂಬೆ ಯಾವುದಕ್ಕೂ ಸಸ್ಯ ಆರೋಗ್ಯ ಪತ್ರ ಬೇಕು. ಪತ್ರ ಬೇಡದ ಹಣ್ಣುಗಳು ಐದೇ: ಅನಾನಸು, ಬಾಳೆ, ತೆಂಗಿನಕಾಯಿ, ಖರ್ಜೂರ, ಡುರಿಯನ್. ಕರಿಬೇವಿನ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಒಯ್ದರೆ ಆಯ್ತು. ತೆಂಗಿನಕಾಯಿಗೆ ಅಲ್ಲಿ ತಡೆ ಇಲ್ಲ, ಹಾಗಂತ ಕೊಬ್ಬರಿ ಹಾಕಬೇಡ. ಎಣ್ಣೆಯ ಅಂಶದಿಂದ ತಾನಾಗಿ ಬಿಸಿಯೇರಿ ಬೆಂಕಿ ಹಿಡಿಯಬಹುದು ಅಂತ ಕೊಬ್ಬರಿ ವಿಮಾನದ ಅಪಾಯದ ವಸ್ತುಗಳ ಪಟ್ಟಿಯಲ್ಲಿ ಉಂಟು.

ಊರಿನ ಪೊಟ್ಟಣದಲ್ಲೂ ಹಾಲು ಅಡಗಿರ್ತದೆ, ಅದನ್ನು ಮನೆಯವರು ಹಾಲಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಜ್ಜಿಗೆ ಮೆಣಸು ಮಜ್ಜಿಗೆಯಲ್ಲಿ ನೆನೆದು ಒಣಗಿದ್ದು. ಕೆಲವರು ಅಕ್ಕಿ ಸಂಡಿಗೆಯ ಹಿಟ್ಟಿಗೂ ಹುಳಿಮಜ್ಜಿಗೆ ಹಾಕ್ತಾರೆ. ಮಾರುಕಟ್ಟೆಯ ಉಪ್ಪಿಟ್ಟು ಮಿಕ್ಸಿನಲ್ಲಿ ತುಪ್ಪದ ಒಗ್ಗರಣೆ ಇರಬಹುದು.

ಬೇಕಾದದ್ದು: ಒಣಗಿದ ಪುನರ್ಪುಳಿ (ಕೋಕಂ) ಸಿಪ್ಪೆ ಕಾಲು ಕಿಲೊ. ತೂಕ ಇಲ್ಲ, ಕೆಡುವುದಿಲ್ಲ, ಊಟದ ಕೊನೆಗೆ ಮಜ್ಜಿಗೆಯ ಜಾಗ ತುಂಬ್ತದೆ. ಎಂಟು ಹತ್ತು ಸಿಪ್ಪೆ ಅರ್ಧ ಲೀಟರ್ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆ ಹಾಕಿ, ಉಪ್ಪು, ಬೆಲ್ಲ, ಸೀಳಿದ ಹಸಿಮೆಣಸು ಹಾಕಿ ಒಂದು ಕುದಿ, ಮೇಲೆ ಜೀರಿಗೆ ಒಗ್ಗರಣೆ. ಹುಳಿಗೆ, ಸಾರಿಗೆ ಪುಡಿ ಮನೆಯಲ್ಲೇ ಹುರಿದು ಮಾಡಿದ್ದು ಅರ್ಧರ್ಧ ಕಿಲೊ. ಹಲಸಿನ ಹಪ್ಪಳ. ತೆಳು ಅವಲಕ್ಕಿ ಒಂದು ಕಿಲೊ, ಚಟ್ನಿಪುಡಿ, ಬೆಲ್ಲ.

ಅವಲಕ್ಕಿ ಯಾಕೆ ಅಂದರೆ ಮೊದಲ ದಿನಗಳಿಗೆ. ಜರ್ಮನಿಯಲ್ಲಿ ಆದಿತ್ಯವಾರ ಸೂಪರ್ ಮಾರ್ಕೆಟುಗಳು ಮುಚ್ಚಿರ್ತವೆ. ದೊಡ್ಡ ರೈಲು ನಿಲ್ದಾಣ, ವಿಮಾನ ನಿಲ್ದಾಣದ ಅಂಗಡಿ ಮಾತ್ರ ತೆರೆದಿರ್ತದೆ. ಶನಿವಾರ ರಾತ್ರಿ ಇಳಿದರೆ ಸೋಮವಾರದ ವರೆಗೆ ಪೆಟ್ಟಿಗೆಯಲ್ಲಿದ್ದದ್ದೇ ಊಟ. ಸೆಮಿಸ್ಟರ್ ಶುರುವಾದ ಮೂರನೇ ದಿನ, ಅಕ್ಟೋಬರ್ 3, ರಾಷ್ಟ್ರೀಯ ರಜೆ, ಅವತ್ತೂ ಅಂಗಡಿ ಇಲ್ಲ. ಹಸಿವಾಗಿ ಕಂಗಾಲಾಗಿ ಸಿಕ್ಕಿದ್ದನ್ನು ತಿನ್ನುವುದು ಹೆಚ್ಚಾಗಿ ಈ ಮೊದಲ ವಾರದಲ್ಲೇ. ಅವಲಕ್ಕಿಗೆ ಒಲೆಯೂ ಬೇಡ, ಕೆಟಲಿನ ಬಿಸಿನೀರು ಸಾಕು.

ನವೆಂಬರ್ 1 ಕೂಡ ದಕ್ಷಿಣ ಮತ್ತು ಪಶ್ಚಿಮದ ಕೆಲವು ರಾಜ್ಯಗಳಲ್ಲಿ ರಜೆ. ವಿಶ್ವ ವೀಗನ್ ದಿನವೂ ಅದೇ ದಿನ. ನಮ್ಮ ಕಾಸರಗೋಡಿನವರಿಗೆ ಆ ತಾರೀಕಿಗೆ 1956ರಿಂದ ಬೇರೆಯೇ ಲೆಕ್ಕ ಉಂಟು, ಇರಲಿ.

ಮಿಕ್ಸಿ ಒಯ್ಯಬಹುದು. ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಬೇಡ. ಪ್ಲಗ್ಗಿನ ಆಕಾರ ಮಾತ್ರ ಬೇರೆ. ನಮ್ಮ ಮೂರು ಉರುಟು ಕಾಲಿನ ಪ್ಲಗ್ಗು ಅಲ್ಲಿಯ ಸಾಕೆಟಿಗೆ ಹೋಗುವುದಿಲ್ಲ. ಅರ್ತ್ ಇರುವ ಗಟ್ಟಿ ಅಡಾಪ್ಟರ್ ಬೇಕು, ಫೋನ್ ಚಾರ್ಜರಿನ ಸಣ್ಣ ಅಡಾಪ್ಟರಿಗೆ 750 ವಾಟಿನ ಮಿಕ್ಸಿ ಹಾಕಬೇಡ. ರಾತ್ರಿ 10ರ ಮೇಲೆ ಮಿಕ್ಸಿ ತಿರುಗಿಸಬೇಡ, ಅಲ್ಲಿ ಅದು ನಿಶ್ಶಬ್ದದ ಹೊತ್ತು, ದೂರು ಬರ್ತದೆ. ಕುಕ್ಕರಿನ ತಳ ಇಂಡಕ್ಷನ್ನಿಗೆ ಆಗುವಂಥದ್ದೇ ನೋಡಿ ತೆಗೆದುಕೋ. ಬರೀ ಅಲ್ಯೂಮಿನಿಯಂ ಆದರೆ ಇಂಡಕ್ಷನ್ ಒಲೆಯಲ್ಲಿ ಬಿಸಿಯೇ ಆಗುವುದಿಲ್ಲ. ಒಗ್ಗರಣೆಗೆ ಎಣ್ಣೆ ಹೊಗೆಯಾಡುವಷ್ಟು ಕಾಯಿಸಿದರೆ ಹೊಗೆ ಅಲಾರಂ ಕೂಗ್ತದೆ. ಕಿಟಿಕಿ ತೆರೆದು, ಪಾತ್ರೆಗೆ ಮುಚ್ಚಳ ಕೈಯಲ್ಲೇ ಹಿಡಿದುಕೊಂಡು ಮಾಡು.

ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗ್ತದೆ. ಸಪೂರ ಬಾಯಿಯ ಬಾಟ್ಲಿಯಲ್ಲಿ ಒಯ್ದರೆ ಚಳಿಗಾಲ ಇಡೀ ಬಾಟ್ಲಿ ನೋಡಿಕೊಂಡು ಕೂರಬೇಕು. ಅಗಲ ಬಾಯಿಯ ಭರಣಿಯಂಥದ್ದಕ್ಕೆ ಹಾಕು, ಚಮಚದಲ್ಲಿ ತೆಗೆಯಬಹುದು.

ಕಾಯಿತುರಿ ಏಷ್ಯನ್ ಅಂಗಡಿಗಳಲ್ಲಿ ಫ್ರೋಜನ್ ಪೊಟ್ಟಣವಾಗಿ ಸಿಗ್ತದೆ. ಮಲಯಾಳಿಗಳ ಅಂಗಡಿ ಹತ್ತಿರ ಇದ್ದರೆ ಕುಚ್ಚಿಲಕ್ಕಿಗೂ ಚಿಂತೆ ಇಲ್ಲ. ಫ್ರೀಜರಿನಿಂದ ತೆಗೆದ ಕಾಯಿಯನ್ನು ತಣ್ಣಗೇ ಅರೆದರೆ ಜಿಡ್ಡು ಬೇರೆಯಾಗಿ ಬೆಣ್ಣೆಯ ಹಾಗೆ ಸಣ್ಣ ಸಣ್ಣ ಉಂಡೆ ಕಟ್ತದೆ, ಹುಳಿ ಒಡೆದ ಹಾಗೆ ಕಾಣ್ತದೆ. ಪೂರ್ತಿ ಕರಗಿಸಿ, ಉಗುರುಬೆಚ್ಚಗಿನ ನೀರು ಹಾಕಿ ಅರಿ. ಡಬ್ಬಿಯ ತೆಂಗಿನಹಾಲು ಆದರೆ ಕೋಕೋಸ್‌ಮಿಲ್ಶ್ ಅಂತ ಇರುವುದನ್ನೇ ತಾ, ಕೊಬ್ಬು 17-18 ಶೇಕಡಾ ಇರುವಂಥದ್ದು. ಕೋಕೋಸ್‌ಡ್ರಿಂಕ್ ಬೇರೆ, ಅದು ಕುಡಿಯಲಿಕ್ಕೆ ಮಾಡಿದ ನೀರು ನೀರು. ತೆಂಗಿನಹಾಲಿನ ಪುಡಿ ಮಾತ್ರ ನೋಡಿಯೇ ತಾ. ಪುಡಿ ನೀರಿನಲ್ಲಿ ಸರಿ ಬೆರೆಯಲಿ ಅಂತ ಹಲವು ಕಂಪೆನಿಗಳು ಹಾಲಿನ ಪ್ರೋಟೀನ್, ಕೇಸಿನೇಟ್, ಹಾಕ್ತವೆ. ತೆಂಗಿನಹಾಲಿನೊಳಗೇ ದನದ ಹಾಲು!

ಥಾಯ್ ಕರಿ ಪೇಸ್ಟಿನಲ್ಲಿ ಸಿಗಡಿ, ಕಿಮ್ಚಿಯಲ್ಲಿ ಮೀನಿನ ಸಾಸು ಸಾಮಾನ್ಯ. ಕೊತ್ತಂಬರಿ ಸೊಪ್ಪು, ಬೆಂಡೆ, ಕಡಲೆ, ಎಳ್ಳಿನ ಪೇಸ್ಟಿಗೆ ಟರ್ಕಿಯವರ ಅಂಗಡಿ ಒಳ್ಳೆಯದು. ಆ ಎಳ್ಳಿನ ಪೇಸ್ಟಿನಲ್ಲಿ ಅನಾನಸಿನ ಮೆಣಸುಕಾಯಿ ಚಂದ ಆಗ್ತದೆ, ಎಳ್ಳು ಹುರಿದು ಅರೆಯುವ ಕೆಲಸವೂ ಉಳೀತದೆ.

ಮಾತ್ರೆಪೆಟ್ಟಿಗೆ

ಬಿ12 ಬಗ್ಗೆ. ಸಸ್ಯಾಹಾರದಲ್ಲಿ ಇದಕ್ಕೆ ನಂಬುವಂಥ ಮೂಲ ಇಲ್ಲ. ಹುದುಗಿದ ದೋಸೆಹಿಟ್ಟಿನಲ್ಲಿ ಉಂಟು, ಸ್ಪಿರುಲಿನಾ ಪಾಚಿಯಲ್ಲಿ ಉಂಟು ಎಂಬ ಮಾತು ಕೇಳಿರಬಹುದು. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ ದೇಹಕ್ಕೆ ಉಪಯೋಗವಿಲ್ಲದ ಹುಸಿ ಬಿ12. ದೋಸೆಹಿಟ್ಟನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಮಾಣ: ದಿನಕ್ಕೊಂದು ಮಾತ್ರೆಯಾದರೆ ಕನಿಷ್ಠ 10 ಮೈಕ್ರೋಗ್ರಾಂ, ವಾರಕ್ಕೊಂದಾದರೆ 2000 ಮೈಕ್ರೋಗ್ರಾಂ. ಏಳರಿಂದ ಗುಣಿಸಿದರೆ 70 ಬರಬೇಕಲ್ಲ, 2000 ಯಾಕೆ ಅಂತ ಕೇಳುತ್ತಾರೆ. ಹೊಟ್ಟೆಯಲ್ಲಿ ಬಿ12ನ್ನು ಹಿಡಿದು ಒಳಗೆ ಒಯ್ಯುವ ಪ್ರೋಟೀನಿಗೆ ಒಂದು ಹೊತ್ತಿಗೆ ಒಂದೂವರೆ ಎರಡು ಮೈಕ್ರೋಗ್ರಾಂ ಸಾಗಿಸುವ ಶಕ್ತಿ ಮಾತ್ರ. ಅದಕ್ಕಿಂತ ಹೆಚ್ಚಿನದರಲ್ಲಿ ಸುಮಾರು ಶೇಕಡಾ 1 ತಾನಾಗಿ ಒಳಗೆ ಇಳಿಯುತ್ತದೆ. ಅಂತರ ಹೆಚ್ಚಾದಷ್ಟೂ ಮಾತ್ರೆ ಬಹಳ ದೊಡ್ಡದಾಗಬೇಕು.

ಹೊರಡುವ ಒಂದು ತಿಂಗಳ ಮೊದಲು ಇಲ್ಲಿಯೇ ರಕ್ತಪರೀಕ್ಷೆ ಮಾಡಿಸಿ. ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕೆಳಗೆ ಇದ್ದರೆ ಕೊರತೆ, 200ರಿಂದ 300 ಅಂಚಿನದು. ಎರಡರಲ್ಲೂ ವೈದ್ಯರನ್ನು ಕಂಡು ಕೊರತೆ ತುಂಬಿಸಿಕೊಂಡೇ ಹೊರಡಿ, ಮೇಲೆ ಹೇಳಿದ್ದು ಕಾಯ್ದುಕೊಳ್ಳುವ ಪ್ರಮಾಣ ಮಾತ್ರ. ಮಾತ್ರೆ ಶುರು ಮಾಡಿ ಪರೀಕ್ಷೆಗೆ ಹೋದರೆ ಅಂಕಿ ಚಂದ ಕಾಣುತ್ತದೆ, ಒಳಗಿನ ಸ್ಥಿತಿ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲು ಪರೀಕ್ಷೆ. ಬಿ12 ಇಲ್ಲದೆ ಫೋಲಿಕ್ ಆಸಿಡ್ ಒಂದನ್ನೇ ನುಂಗುವುದು ಅಪಾಯ: ರಕ್ತಹೀನತೆ ಸರಿಯಾದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ನಮ್ಮ ಅಂಗಡಿಗಳಲ್ಲಿ ಮಿಥೈಲ್‌ಕೋಬಾಲಮಿನ್ ಹೆಸರಿನಲ್ಲಿ ಸಿಗುವ ಕೆಲವು ಮಾತ್ರೆಗಳಲ್ಲಿ ನರನೋವಿನ ಪ್ರೀಗಾಬಾಲಿನ್ ಸೇರಿರುತ್ತದೆ. ಚೀಟಿ ಇಲ್ಲದೆ ಅದನ್ನು ತೆಗೆದುಕೊಳ್ಳಬೇಡಿ, ಸ್ಟ್ರಿಪ್ಪಿನ ಹಿಂದೆ ಓದಿ. ಮೆತ್ತನೆಯ ಕ್ಯಾಪ್ಸೂಲ್ ಆದರೆ ಹೊರಕವಚ ಹೆಚ್ಚಾಗಿ ಜೆಲಾಟಿನ್.

ಮನೆಯವರ "ಹಾಲಾದರೂ ಕುಡಿ" ಎಂಬ ಮಾತಿಗೆ ಲೆಕ್ಕ ಹೀಗೆ. ಹಾಲಿನಲ್ಲಿ 100 ಮಿಲಿಗೆ ಸುಮಾರು 0.4 ಮೈಕ್ರೋಗ್ರಾಂ ಬಿ12. ಜರ್ಮನಿಯ ಪೋಷಣಾ ಸಂಘ ವಯಸ್ಕರಿಗೆ ಹೇಳುವುದು ದಿನಕ್ಕೆ 4. ಒಂದು ಲೋಟ ಹಾಲಿನಿಂದ ಒಂದೂ ಆಗುವುದಿಲ್ಲ. ಹಾಲೊಂದರಿಂದಲೇ ಆಗಬೇಕಾದರೆ ದಿನಕ್ಕೆ ಒಂದು ಲೀಟರ್ ಬೇಕು. ಅಂದರೆ ಚಹಾಕ್ಕೆ ಹಾಲು ಹಾಕುವಷ್ಟು ಸಡಿಲ ಮಾಡಿದರೂ ಮಾತ್ರೆ ಬಿಡುವ ಹಾಗಿಲ್ಲ.

ಚಳಿಗೆ ಸಂಬಂಧಪಟ್ಟದ್ದು ವಿಟಮಿನ್ ಡಿ. ಅಕ್ಟೋಬರಿನಿಂದ ಮಾರ್ಚ್ ವರೆಗೆ ಅಲ್ಲಿಯ ಬಿಸಿಲಿನಿಂದ ಚರ್ಮದಲ್ಲಿ ಸಾಕಷ್ಟು ಡಿ ಉಂಟಾಗುವುದಿಲ್ಲ. ಹಾಲು ಕುಡಿಯುವವರಿಗೂ ಇದೇ ಕತೆ. ಬಿಸಿಲಿನಿಂದ ಸಿಗದಿದ್ದಾಗ ಅಲ್ಲಿ ಹೇಳುವ ಪ್ರಮಾಣ ದಿನಕ್ಕೆ 20 ಮೈಕ್ರೋಗ್ರಾಂ, ಅಂದರೆ 800 ಯೂನಿಟ್. ಸಾಮಾನ್ಯ ಡಿ3 ಕುರಿ ಉಣ್ಣೆಯ ಜಿಡ್ಡಿನಿಂದ ತೆಗೆದದ್ದು. ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ವೀಗನ್ ಅಂತ ಗುರುತು ಹಾಕಿ ಸಿಗುತ್ತದೆ.

ಅಯೋಡಿನ್ ಮರೆತುಹೋಗುವಂಥದ್ದು. ನಮ್ಮಲ್ಲಿ ಊಟದ ಉಪ್ಪಿಗೆ ಅಯೋಡಿನ್ ಕಡ್ಡಾಯ, ಅಲ್ಲಿ ಇಲ್ಲ. ಯೋಡ್‌ಝಾಲ್ತ್ಸ್ ಅಂತ ಬರೆದ ಉಪ್ಪನ್ನೇ ಕೊಳ್ಳಿ. ಚಂದದ ಡಬ್ಬಿಯ ಸಮುದ್ರದ ಉಪ್ಪಿನಲ್ಲಿ ಸಾಮಾನ್ಯವಾಗಿ ಸೇರಿಸಿರುವುದಿಲ್ಲ. ಕ್ಯಾಲ್ಸಿಯಂಗೆ 100 ಮಿಲಿಗೆ 120 ಮಿಲಿಗ್ರಾಂ ಸೇರಿಸಿದ ಸೋಯಾ ಅಥವಾ ಓಟ್ಸ್ ಪೊಟ್ಟಣ ನೋಡಿ, ಅದು ದನದ ಹಾಲಿನಷ್ಟೇ. "ಬಿಯೊ" ಅಂತ ಇರುವ ಸಾವಯವ ಪೊಟ್ಟಣಕ್ಕೆ ಹೀಗೆ ಸೇರಿಸಲು ನಿಯಮ ಬಿಡುವುದಿಲ್ಲ, ಆದ್ದರಿಂದ ದುಬಾರಿ ಕೊಟ್ಟು ಕ್ಯಾಲ್ಸಿಯಂ ಇಲ್ಲದ್ದನ್ನು ತಂದಂತೆ ಆಗುತ್ತದೆ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ, ಪ್ರತಿ ಸಲ ಚೆನ್ನಾಗಿ ಕುಲುಕಿ.

ಮುಳ್ಳೇರಿಯ ಮಾಣಿ

ಪುನರ್ಪುಳಿ ಸಾರು ಸರಿ, ಆದರೆ ಮೊಸರು ಬೇಕಾಗುವ ತಂಬುಳಿ, ಮೇಲಾರಕ್ಕೆ ಎಂತ ಮಾಡುವುದು? ಸೋಯಾ ಮೊಸರು ಮನೆಯಲ್ಲಿ ಹೆಪ್ಪಾಗ್ತದಾ? ದೋಸೆಹಿಟ್ಟು ಚಳಿಯಲ್ಲಿ ಉಬ್ಬುತ್ತದಾ?

ಬೊಂಡ ಬೆಲ್ಲ

ಹೆಪ್ಪಾಗ್ತದೆ, ಆದರೆ ಯಾವುದೋ ಪೊಟ್ಟಣ ತಂದರೆ ಆಗುವುದಿಲ್ಲ. ಪಟ್ಟಿಯಲ್ಲಿ ಸೋಯಾ ಮತ್ತು ನೀರು ಎರಡೇ ಇರಬೇಕು, "ಉನ್‌ಗೆಝ್ಯೂಸ್ಟ್" ಅಂದರೆ ಸಿಹಿ ಹಾಕದ್ದು, ಪ್ರೋಟೀನ್ 100 ಮಿಲಿಗೆ 3 ಗ್ರಾಂಗಿಂತ ಮೇಲೆ. ಓಟ್ಸ್, ಬಾದಾಮಿ, ಅಕ್ಕಿಯ ಹಾಲಿನಲ್ಲಿ ಪ್ರೋಟೀನ್ ತೀರ ಕಡಿಮೆ; ಹುಳಿ ಬರ್ತದೆ, ಗಟ್ಟಿಯಾಗುವುದಿಲ್ಲ. ಒಂದು ಲೀಟರ್ ಸೋಯಾವನ್ನು 42-43 ಡಿಗ್ರಿಗೆ ಬಿಸಿ ಮಾಡು. ಅಂಗಡಿಯ ಸಿಹಿ ಹಾಕದ ಸೋಯಾ ಮೊಸರು ಎರಡು ದೊಡ್ಡ ಚಮಚ ಕದಡಿ ಹಾಕು, ಮುಚ್ಚಿ ಬೆಚ್ಚಗೆ 8ರಿಂದ 10 ಗಂಟೆ ಇಡು, ಅಲ್ಲಾಡಿಸಬೇಡ. 50 ಡಿಗ್ರಿಯ ಮೇಲೆ ಹೆಪ್ಪು ಸಾಯ್ತದೆ, 35ರ ಕೆಳಗೆ ಹೆಪ್ಪಾಗಲಿಕ್ಕೆ ಬಹಳ ಹೊತ್ತು ಹಿಡೀತದೆ. ಮುಂದಿನ ಸಲಕ್ಕೆ ಇದರದ್ದೇ ಹೆಪ್ಪು ನಡೀತದೆ, ನಾಲ್ಕೈದು ಸಲದ ಮೇಲೆ ಹೊಸದು ತಾ.

ತಂಬುಳಿಗೆ ಇದು ಧಾರಾಳ ಸಾಕು, ಯಾಕೆಂದರೆ ತಂಬುಳಿ ಕುದಿಸುವುದಿಲ್ಲ. ಕಾಳುಮೆಣಸು, ಜೀರಿಗೆ ಸ್ವಲ್ಪ ಮುಂದಾಗಿ ಹಾಕಿದರೆ ಸೋಯಾದ ಹಸಿ ವಾಸನೆ ಅಡಗ್ತದೆ. ಮೇಲಾರದಲ್ಲಿ ಎಡವಟ್ಟು: ಕುದಿಸಿದರೆ ಸೋಯಾ ಮೊಸರು ದನದ ಮೊಸರಿಗಿಂತ ಬೇಗ ಒಡೀತದೆ. ತರಕಾರಿ, ಅರೆಪ್ಪು ಕುದಿಸಿ ಒಲೆಯಿಂದ ಇಳಿಸಿ, ಐದು ನಿಮಿಷ ಬಿಟ್ಟು ಮೊಸರು ಸೇರಿಸು. ಅರೆಯುವಾಗ ಒಂದು ಚಮಚ ನೆನೆದ ಅಕ್ಕಿ ಹಾಕಿದರೆ ಹಿಡಿದುಕೊಳ್ತದೆ. ಮರುದಿನ ಬಿಸಿ ಮಾಡುವ ಹಾಗಿಲ್ಲ.

ದೋಸೆಹಿಟ್ಟಿಗೆ ಓವನ್ನಿನ ದೀಪ ಮಾತ್ರ ಉರಿಸಿ, ಬಿಸಿ ಹಾಕದೆ ಒಳಗಿಡು. ಒಳಗೆ 30 ಡಿಗ್ರಿಯ ಆಸುಪಾಸು ಬರ್ತದೆ, 12ರಿಂದ 14 ಗಂಟೆ ಬೇಕು. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಒಂದು ಚಮಚ ಮೆಂತೆ, ಉಗುರುಬೆಚ್ಚಗಿನ ನೀರಲ್ಲಿ ಅರೆಯುವುದು. ಓವನ್ ಬಾಗಿಲಿಗೆ ಚೀಟಿ ಅಂಟಿಸಲು ಮರೆಯಬೇಡ. ಆರು ಜನರ ಅಡಿಗೆಮನೆಯಲ್ಲಿ ಯಾರೋ ಪಿಜ್ಜಾಕ್ಕೆ ಅಂತ 220 ಡಿಗ್ರಿಗೆ ತಿರುಗಿಸಿಬಿಟ್ಟರೆ ಹಿಟ್ಟೂ ಹೋಯ್ತು, ಪ್ಲಾಸ್ಟಿಕ್ ಡಬ್ಬಿಯೂ ಹೋಯ್ತು. ಇಷ್ಟೆಲ್ಲ ರಗಳೆ ಬೇಡ ಅಂದರೆ ನೀರುದೋಸೆ, ಉಬ್ಬುವ ಪ್ರಶ್ನೆಯೇ ಇಲ್ಲ. ಸೋನಾಮಸೂರಿ ನಾಲ್ಕು ಗಂಟೆ ನೆನೆಸು. ಬಾಸ್ಮತಿಯಲ್ಲಿ ಮಾಡಿದರೆ ಕಾವಲಿಯಲ್ಲಿ ಹರಿದು ತುಂಡಾಗ್ತದೆ.

ಸಡಿಲ ಮಾಡುವುದರ ಬಗ್ಗೆ ನನ್ನ ಅಭಿಪ್ರಾಯ: ಮೊದಲ ಮೂರು ತಿಂಗಳು ಹಾಲು ಮೊಸರು ತಿನ್ನು, ಮನೆ ಸರಿ ಹಿಡಿದ ಮೇಲೆ ಮತ್ತೆ ಬಿಡು.

ಅಡೂರು ಮಾಷ್ಟ್ರು

ಬೊಂಡದವರ ಕೊನೆಯ ಮಾತು ನಾನು ಒಪ್ಪುವುದಿಲ್ಲ. "ಹಾಲು ತಿನ್ನು" ಅಂತ ಒಂದೇ ಬಾಗಿಲು ತೆರೆದರೆ ಅದರ ಹಿಂದೆ ಎಂತೆಲ್ಲ ಬರ್ತದೆ ಅಂತ ನೋಡಬೇಕು. ಊರಲ್ಲಿ ಹಾಲಿನ ವಸ್ತು ಅಂದರೆ ಹಾಲು, ಮೊಸರು, ತುಪ್ಪ. ಅಲ್ಲಿ ಹಾಲು ಅಂದರೆ ಮುಖ್ಯವಾಗಿ ಚೀಸ್. ಚೀಸ್ ಹೆಪ್ಪು ಹಾಕುವ ರೆನೆಟ್, ಅವರ ಭಾಷೆಯಲ್ಲಿ ಲಾಬ್, ಕರುವಿನ ಹೊಟ್ಟೆಯಿಂದ ತೆಗೆದದ್ದಿರಬಹುದು. ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಕರುವಿನ ರೆನೆಟ್ಟೇ ಕಡ್ಡಾಯ. ಪಟ್ಟಿಯಲ್ಲಿ ಬರೀ "ಲಾಬ್" ಅಂತ ಇದ್ದರೆ ಯಾವುದು ಅಂತ ಗೊತ್ತಾಗುವುದಿಲ್ಲ. "ಮಿಕ್ರೊಬಿಯೆಲ್ಲೆಸ್ ಲಾಬ್" ಅಂತ ಇದ್ದರೆ ಸೂಕ್ಷ್ಮಜೀವಿಯದ್ದು. ಕೆನೆಯ ಸಿಹಿತಿಂಡಿ, ಕೆಲವು ಹಣ್ಣಿನ ಮೊಸರಿನಲ್ಲಿ ಜೆಲಾಟಿನ್ ಇರ್ತದೆ. ಹಾಗಾಗಿ ಹಾಲಿಗೆ ಸಡಿಲ ಮಾಡಿದವನು ಲೇಬಲ್ ಓದುವ ಕೆಲಸದಿಂದ ತಪ್ಪಿಸಿಕೊಳ್ಳುವುದಿಲ್ಲ, ಓದುವ ಶಬ್ದ ಮಾತ್ರ ಬದಲಾಗ್ತದೆ. ನಮ್ಮ ಮನೆಗಳಲ್ಲಿ ಹುಟ್ಟಿದ ಸಸ್ಯಾಹಾರಿಗೆ ಕರುವಿನ ರೆನೆಟ್ಟು ಒಂದು ಲೋಟ ಹಾಲಿಗಿಂತ ದೊಡ್ಡ ಸಂಗತಿ.

ಸಡಿಲ ಮಾಡುವುದಾದರೆ ಮೆಟ್ಟಿಲು ಮೆಟ್ಟಿಲಾಗಿ ಮಾಡು, ಹೊರಡುವ ಮೊದಲೇ ಕಾಗದದಲ್ಲಿ ಬರೆದಿಡು. ಹಸಿದ ಹೊತ್ತಿನಲ್ಲಿ ತೀರ್ಮಾನ ಬೇಡ.

ಎಲ್ಲಕ್ಕಿಂತ ಮೊದಲು "ಶ್ಪೂರೆನ್" ಎಂಬ ಸಾಲು. "ಹಾಲಿನ ಕುರುಹು ಇರಬಹುದು" ಅಂತ ಅದರ ಅರ್ಥ. ಅದೇ ಯಂತ್ರದಲ್ಲಿ ಬೇರೆ ವಸ್ತು ಮಾಡಿದ್ದಾರೆ ಎಂಬ ಅಲರ್ಜಿ ಎಚ್ಚರಿಕೆ ಅದು, ಪದಾರ್ಥ ಅಲ್ಲ. ಆ ಸಾಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸಡಿಲ ಮಾಡಿದ ಹಾಗೂ ಅಲ್ಲ. ಆದರೆ ಈ ಒಂದು ಸಾಲು ನೋಡಿ ಅರ್ಧ ಅಂಗಡಿಯನ್ನು ಬಿಟ್ಟು ಬಡಕಲಾಗುವವರಿದ್ದಾರೆ. ಆಮೇಲೆ ಇ 471, ತಿಳಿ ರಸದಂಥ ಕಣ್ಣಿಗೆ ಕಾಣದವು. ಆಮೇಲೆ ಔಷಧಿ: ಮಾತ್ರೆಯಲ್ಲಿ ಲಾಕ್ಟೋಸ್, ಕ್ಯಾಪ್ಸೂಲಿನಲ್ಲಿ ಜೆಲಾಟಿನ್. ಡಾಕ್ಟರು ಬರೆದ ಔಷಧಿಯನ್ನು ಇದಕ್ಕಾಗಿ ನಿಲ್ಲಿಸಬೇಡ. ಬದಲಿ ಉಂಟಾ ಅಂತ ಮದ್ದಿನಂಗಡಿಯಲ್ಲಿ ಕೇಳು, ಇಲ್ಲದಿದ್ದರೆ ನುಂಗು. ಅದರ ಮೇಲಿನ ಮೆಟ್ಟಿಲು, ಬೇರೆ ಗತಿ ಇಲ್ಲದ ದಿನ ಹಾಲಿನ ಪುಡಿ ಇರುವ ಬ್ರೆಡ್ಡು. ಕೊನೆಯದು ಹಾಲು ಮೊಸರು. ಅದಕ್ಕೂ ಹೋಗುವುದಾದರೆ ಒಂದೇ ಸಲ ದೊಡ್ಡ ಲೋಟ ಹಿಡಿಯಬೇಡ. ಲಾಕ್ಟೋಸ್ ಅರಗಿಸುವ ಶಕ್ತಿ ದೊಡ್ಡವರಾದ ಮೇಲೆ ನಮ್ಮಲ್ಲಿ ಬಹಳ ಜನರಿಗೆ ಕಡಿಮೆ. ಹೀಗಿದ್ದವರಲ್ಲೂ ಹೆಚ್ಚಿನವರು ಒಂದು ಹೊತ್ತಿಗೆ 12 ಗ್ರಾಂ, ಅಂದರೆ ಸುಮಾರು 250 ಮಿಲಿ ಹಾಲು, ತಡೆದುಕೊಳ್ತಾರೆ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೇಳಿದೆ. ನಾಲ್ಕು ಚಮಚ ಮೊಸರಿನಿಂದ ಶುರು ಮಾಡಿ ನೋಡು.

ಬೊಂಡ ಬೆಲ್ಲ

ರೆನೆಟ್ಟಿನ ಮಾತು ಸರಿ ಮಾಷ್ಟ್ರೇ, ನಾನು ಹೇಳಿದ್ದು ಸಾದಾ ಮೊಸರಿಗೆ ಮಾತ್ರ ಅಂತ ತಿದ್ದಿಕೊಳ್ಳಿ. ಮಾಣಿ, ವಿಮಾನದ ಊಟ ಯಾರೂ ಹೇಳಲಿಲ್ಲ. ಟಿಕೆಟಿನಲ್ಲಿ ವಿಜಿಎಂಎಲ್ ಸಂಕೇತ ಹಾಕಿಸು, ಅದು ವೀಗನ್. ಎವಿಎಂಎಲ್ ಅಂದರೆ ಭಾರತೀಯ ಸಸ್ಯಾಹಾರ, ಅದರಲ್ಲಿ ಪನೀರು, ಮೊಸರು ಬರ್ತದೆ. ಎಚ್‌ಎನ್‌ಎಂಎಲ್ "ಹಿಂದೂ ಊಟ" ಅಂತ ಹೆಸರು ನೋಡಿ ಒತ್ತಿದರೆ ಮಾಂಸ ಬರ್ತದೆ. ಹೆಚ್ಚಿನ ವಿಮಾನ ಕಂಪೆನಿಗೆ 24 ಗಂಟೆ ಮೊದಲಾದರೂ ಹೇಳಬೇಕು, 48 ಗಂಟೆ ಇಟ್ಟುಕೋ. ಕಣ್ಣೂರಿಂದಾಗಲಿ ಮಂಗಳೂರಿಂದಾಗಲಿ ಗಲ್ಫಿನಲ್ಲಿ ವಿಮಾನ ಬದಲಿಸುವುದಾದರೆ ಎರಡೂ ಹಾರಾಟಕ್ಕೆ ಬಿದ್ದಿದೆಯಾ ನೋಡು. ಒಂದಕ್ಕೆ ಬಿದ್ದು ಇನ್ನೊಂದಕ್ಕೆ ಬೀಳದಿರುವುದುಂಟು.

ಮುಳ್ಳೇರಿಯ ಮಾಣಿ

ಎಲ್ಲ ಬರೆದುಕೊಂಡೆ. ಅಕ್ಕ, ಮಜ್ಜಿಗೆ ಮೆಣಸಿಗೆ ಬದಲಿ ಉಂಟಾ? ಅದಿಲ್ಲದೆ ಗಂಜಿ ಇಳಿಯುವುದಿಲ್ಲ.

ನೀರ್ಚಾಲು ಅಕ್ಕ

ಉಂಟು. ಮೆಣಸಿನ ತೊಟ್ಟು ಇಟ್ಟುಕೊಂಡು ತುದಿ ಸೀಳು, ಒಂದು ಕಿಲೊ ಮೆಣಸಿಗೆ 100 ಗ್ರಾಂ ಉಪ್ಪು, ಎರಡು ಚಮಚ ಮೆಂತೆ ಜೀರಿಗೆ ಪುಡಿ, ಮಜ್ಜಿಗೆಯ ಬದಲು ಎರಡು ಲೋಟ ದಪ್ಪ ಹುಣಸೆಹುಳಿ ನೀರು. ರಾತ್ರಿ ಅದರಲ್ಲಿ ನೆನೆಯಲಿ, ಹಗಲು ತೆಗೆದು ಬಿಸಿಲಿಗೆ ಹರಡು, ಸಂಜೆ ಮತ್ತೆ ಅದೇ ನೀರಿಗೆ. ನೀರು ಪೂರ್ತಿ ಹೀರಿದ ಮೇಲೆ ಮುರಿದರೆ ಟಕ್ ಅನ್ನುವ ವರೆಗೆ ಒಣಗಿಸು. ಮಳೆಗಾಲದಲ್ಲಿ ಹಿಡಿದರೆ ಬೂಷ್ಟು ಬರ್ತದೆ. ಸೆಪ್ಟೆಂಬರಿನಲ್ಲಿ ನಾಲ್ಕೈದು ದಿನ ಒಟ್ಟಿಗೆ ಬಿಸಿಲು ಸಿಗದಿದ್ದರೆ ಕೊನೆಯ ಎರಡು ದಿನ ಅಡಿಕೆ ಒಣಗಿಸುವ ಗೂಡಿನಲ್ಲಿ ಇಡು.